ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ವೈಡ್ ಲೆನ್ಸ್ ಮತ್ತು ಮೂವ್‌ಮೆಂಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಲ್ಲೋಸ್ (ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುವ ಚೀಲ) ಇರುವ 4×5 ಇಂಚಿನ ಕ್ಯಾಮೆರಾ ಕೊಂಡವರು ಮೊದಲು 150 ಮಿ.ಮೀ. ನಾಭಿದೂರದ ಲೆನ್ಸಿನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ವೈಡ್ ಲೆನ್ಸಿಗೆ ಬರುತ್ತಾರೆ. ಬಂದ ಕೂಡಲೇ ಅದುವರೆಗೆ ಕಲಿತದ್ದು ಅರ್ಧಕ್ಕರ್ಧ ಸಾಲದಾಗುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಲೆಕ್ಕಗಳೆಲ್ಲ 4×5 ಫಿಲ್ಮಿಗೆ. ಹೋಲ್ಡರಿನ ಅಂಚು ಕಳೆದರೆ ಚಿತ್ರ ಬೀಳುವ ಜಾಗ ಸುಮಾರು 96×120 ಮಿ.ಮೀ. ಲೆನ್ಸ್ ಮೇಲಕ್ಕೆ ಸರಿದರೆ ರೈಸ್, ಕೆಳಕ್ಕೆ ಸರಿದರೆ ಫಾಲ್, ಪಕ್ಕಕ್ಕೆ ಸರಿದರೆ ಶಿಫ್ಟ್. ಮುಂದಕ್ಕೋ ಹಿಂದಕ್ಕೋ ಬಾಗಿದರೆ ಟಿಲ್ಟ್, ಎಡಕ್ಕೋ ಬಲಕ್ಕೋ ತಿರುಗಿದರೆ ಸ್ವಿಂಗ್. ಇವೆಲ್ಲ ಸೇರಿ ಮೂವ್‌ಮೆಂಟ್‌ಗಳು.

## ಮೊದಲ ಪ್ರಶ್ನೆಗಳು

4×5 ಕ್ಯಾಮೆರಾದಲ್ಲಿ ಎಷ್ಟು ಮಿಲಿಮೀಟರ್ ಲೆನ್ಸನ್ನು ವೈಡ್ ಎನ್ನುತ್ತಾರೆ?

ಫಿಲ್ಮಿನ ಕರ್ಣ ಸುಮಾರು 153 ಮಿ.ಮೀ. ಇರುವುದರಿಂದ 150 ಮಿ.ಮೀ. ಇಲ್ಲಿ ಸಾಮಾನ್ಯ ಲೆನ್ಸ್. 120, 110ರಲ್ಲಿ ನೋಟ ಒಂದಿಷ್ಟು ಅಗಲವಾಗುತ್ತದೆ; 90ರಿಂದ ಕೆಳಕ್ಕೆ ನಿಜವಾದ ವೈಡ್. ಫಿಲ್ಮಿನ ಉದ್ದನೆಯ ಬದಿಯನ್ನು ಲೆಕ್ಕಕ್ಕೆ ಹಿಡಿದರೆ 90 ಮಿ.ಮೀ. ಲೆನ್ಸ್ ಚಿಕ್ಕ (35 ಮಿ.ಮೀ. ಫಿಲ್ಮಿನ) ಕ್ಯಾಮೆರಾದ 27 ಮಿ.ಮೀ.ಗೆ, 75 ಸುಮಾರು 22ಕ್ಕೆ, 65 ಸುಮಾರು 19–20ಕ್ಕೆ, 47 ಸುಮಾರು 14ಕ್ಕೆ ಸಮ.

ಕ್ಯಾಮೆರಾವನ್ನು ಮೇಲಕ್ಕೆತ್ತಿ ತೆಗೆದು ಕಂಪ್ಯೂಟರಿನಲ್ಲಿ ಕಟ್ಟಡವನ್ನು ನೆಟ್ಟಗೆ ಮಾಡಬಹುದಲ್ಲ, ರೈಸ್ ಏಕೆ ಬೇಕು?

ಮಾಡಬಹುದು. ಆದರೆ ಕ್ಯಾಮೆರಾ ಮೇಲಕ್ಕೆ ಬಾಗಿದಾಗ ಕಟ್ಟಡದ ತುದಿ ಫಿಲ್ಮಿನ ಮೇಲೆ ಚಿಕ್ಕದಾಗಿ ಬಿದ್ದಿರುತ್ತದೆ. ತಂತ್ರಾಂಶ ಅದನ್ನು ಎಳೆದು ಅಗಲ ಮಾಡುತ್ತದೆ. ಶಿಖರದ ಕೆತ್ತನೆಯಲ್ಲಿ ಇಲ್ಲದ ವಿವರವನ್ನು ಅದು ಎಲ್ಲಿಂದಲೂ ತರಲಾರದು. ಎಳೆದ ಮೇಲೆ ಎರಡೂ ಬದಿಯಲ್ಲಿ ಓರೆಯಾಗಿ ಕತ್ತರಿಸಬೇಕಾಗುತ್ತದೆ. ಅಲ್ಲಿಗೆ ನೀವು ಕಟ್ಟಿದ ಚೌಕಟ್ಟೂ ಹೋಯಿತು.

ರೈಸ್ ಮಾಡುವಾಗ ಕ್ಯಾಮೆರಾ ಮಟ್ಟವಾಗಿಯೇ ಇರುತ್ತದೆ, ಫಿಲ್ಮ್ ಲಂಬವಾಗಿ ನಿಂತಿರುತ್ತದೆ, ಲೆನ್ಸ್ ಮಾತ್ರ ಮೇಲೆ ಹೋಗುತ್ತದೆ. ಫಿಲ್ಮ್ ಲಂಬವಾಗಿರುವವರೆಗೆ ಗೋಡೆಗಳ ಗೆರೆಗಳು ಒಂದರ ಕಡೆ ಒಂದು ವಾಲುವುದಿಲ್ಲ. ವೈಡ್ ಲೆನ್ಸಿಗೆ ರೈಸ್ ಇನ್ನೊಂದು ಕಾರಣಕ್ಕೂ ಬೇಕೇ ಬೇಕು. ಮಟ್ಟವಾಗಿಟ್ಟ ಕ್ಯಾಮೆರಾದಲ್ಲಿ ದಿಗಂತ ಚೌಕಟ್ಟಿನ ನಟ್ಟನಡುವೆ ಬರುತ್ತದೆ, ಕೆಳಗಿನ ಅರ್ಧ ಪೂರ್ತಿ ನೆಲವೇ. 90 ಮಿ.ಮೀ. ಲೆನ್ಸಿನ ಮುಂದೆ ಆ ನೆಲ ಬಹಳ ವಿಸ್ತಾರವಾಗಿ ಕಾಣುತ್ತದೆ, ಹೆಚ್ಚಿನ ಸಲ ಅದರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಹತ್ತು ಹದಿನೈದು ಮಿಲಿಮೀಟರ್ ರೈಸ್ ಆ ಖಾಲಿ ನೆಲವನ್ನು ಕಳೆದು ಆಕಾಶವನ್ನು ಕೊಡುತ್ತದೆ. ಎತ್ತರದ ಕಟ್ಟಡಕ್ಕಿಂತ ಸಾಮಾನ್ಯ ಬೀದಿ, ಗದ್ದೆ, ಕೆರೆ ಏರಿಯ ಚಿತ್ರಗಳಲ್ಲೇ ನಾನು ರೈಸನ್ನು ಹೆಚ್ಚು ಬಳಸುತ್ತೇನೆ.

ಇಮೇಜ್ ಸರ್ಕಲ್ ಎಂದರೇನು? ಎಷ್ಟು ದೊಡ್ಡದಿದ್ದರೆ ಸಾಕು?

ಲೆನ್ಸ್ ಹಿಂದಕ್ಕೆ ಚೆಲ್ಲುವ ಚಿತ್ರ ವೃತ್ತಾಕಾರದ್ದು. ಊಟದ ತಟ್ಟೆಯ ಮೇಲೆ ಇಟ್ಟ ಅಂಚೆ ಕಾರ್ಡನ್ನು ನೆನೆಸಿಕೊಳ್ಳಿ: ತಟ್ಟೆ ಆ ವೃತ್ತ, ಕಾರ್ಡು ಫಿಲ್ಮ್. ಕಾರ್ಡಿನ ಮೂಲೆ ತಟ್ಟೆಯ ಅಂಚು ಮುಟ್ಟುವವರೆಗೆ ಅದನ್ನು ಅತ್ತಿತ್ತ ಸರಿಸಬಹುದು. ವೃತ್ತದ ವ್ಯಾಸ 153 ಮಿ.ಮೀ. ಮಾತ್ರ ಇದ್ದರೆ ಕಾರ್ಡು ನಡುವಿನಿಂದ ಕದಲಿಸಲಾಗದು.

ಲೆಕ್ಕ ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ. ವೃತ್ತದ ತ್ರಿಜ್ಯದ ವರ್ಗದಿಂದ ಫಿಲ್ಮಿನ ಅರ್ಧ ಅಗಲದ ವರ್ಗವನ್ನು ಕಳೆದು ವರ್ಗಮೂಲ ತೆಗೆಯಿರಿ. ಅದರಿಂದ ಫಿಲ್ಮಿನ ಅರ್ಧ ಎತ್ತರವನ್ನು ಕಳೆದರೆ ಉಳಿಯುವುದೇ ರೈಸಿನ ಮಿತಿ. ಶ್ನೈಡರ್ ಕಂಪನಿಯ 90 ಮಿ.ಮೀ. ಎಫ್/8 ಸೂಪರ್ ಆಂಗುಲೋನ್ ಲೆನ್ಸಿನ ವೃತ್ತ 216 ಮಿ.ಮೀ. (ಎಫ್ ಸಂಖ್ಯೆ ಅಪರ್ಚರಿನ, ಅಂದರೆ ಬೆಳಕು ಒಳಬರುವ ರಂಧ್ರದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು.) ಅಡ್ಡ ಚೌಕಟ್ಟಿನಲ್ಲಿ ಸುಮಾರು 42, ಫಿಲ್ಮನ್ನು ನಿಲ್ಲಿಸಿದ ಉದ್ದ ಚೌಕಟ್ಟಿನಲ್ಲಿ ಸುಮಾರು 37 ಮಿ.ಮೀ. ರೈಸ್ ಸಿಗುತ್ತದೆ. 90 ಮಿ.ಮೀ. ಎಫ್/8 ನಿಕ್ಕೋರ್ ಎಸ್‌ಡಬ್ಲ್ಯೂ ಲೆನ್ಸಿನ ವೃತ್ತ 235. ಅಲ್ಲಿ 53 ಮತ್ತು 47. 65 ಮಿ.ಮೀ. ಲೆನ್ಸುಗಳಲ್ಲಿ ವೃತ್ತ ಸಾಮಾನ್ಯವಾಗಿ 170ರ ಆಸುಪಾಸು. ಅಡ್ಡ ಚೌಕಟ್ಟಿನಲ್ಲಿ 12 ಮಿ.ಮೀ. ಸಿಕ್ಕಿದರೆ ಹೆಚ್ಚು. ತಯಾರಕರು ಕೊಡುವ ವೃತ್ತದ ಅಳತೆ ಸಾಮಾನ್ಯವಾಗಿ ಎಫ್/22ರಲ್ಲಿ, ಬಹುದೂರದ ವಸ್ತುವಿಗೆ ಫೋಕಸ್ ಮಾಡಿದಾಗಿನದು. ಅಪರ್ಚರ್ ಪೂರ್ತಿ ತೆರೆದಿದ್ದರೆ ವೃತ್ತ ಕಿರಿದಾಗುತ್ತದೆ.

ಮೊದಲ ವೈಡ್ ಲೆನ್ಸಾಗಿ 90 ಕೊಳ್ಳಲೇ, 75 ಕೊಳ್ಳಲೇ, 65 ಕೊಳ್ಳಲೇ?

90. ಇದರಲ್ಲಿ ನನಗೆ ಅನುಮಾನವಿಲ್ಲ. ಮೂವ್‌ಮೆಂಟಿಗೆ ಜಾಗ ಧಾರಾಳವಾಗಿರುತ್ತದೆ, ಬಹುತೇಕ ಕ್ಯಾಮೆರಾಗಳಲ್ಲಿ ವಿಶೇಷ ಬೆಲ್ಲೋಸ್ ಇಲ್ಲದೆಯೂ ಒಂದಿಷ್ಟು ಕೆಲಸ ನಡೆಯುತ್ತದೆ, ಬೆಳಕಿನ ಇಳಿತ (ಮೂಲೆಗಳಿಗೆ ಬೆಳಕು ಕಡಿಮೆಯಾಗುವುದು) ಸಹಿಸುವಂತಿರುತ್ತದೆ. ಶ್ನೈಡರ್ ಸೂಪರ್ ಆಂಗುಲೋನ್ ಎಫ್/8, ರೋಡೆನ್‌ಸ್ಟಾಕ್ ಗ್ರಾಂಡಗೋನ್ ಎಫ್/6.8, ನಿಕ್ಕೋರ್ ಎಫ್/8, ಈ ಮೂರರಲ್ಲಿ ಯಾವುದು ಚೆನ್ನಾಗಿರುವ ಸ್ಥಿತಿಯಲ್ಲಿ ಸಿಕ್ಕಿದರೂ ತೆಗೆದುಕೊಳ್ಳಿ. ಮೂರಕ್ಕೂ 67 ಮಿ.ಮೀ. ಫಿಲ್ಟರ್ ಸಾಕು. ಎಫ್/4.5, ಎಫ್/5.6ರ 90ಗಳು ಗ್ರೌಂಡ್ ಗ್ಲಾಸಿನಲ್ಲಿ (ಕ್ಯಾಮೆರಾದ ಹಿಂದೆ ಚಿತ್ರ ನೋಡುವ ಮಬ್ಬು ಗಾಜು) ಬೆಳ್ಳಗೆ ಕಾಣುತ್ತವೆ ನಿಜ. ಆದರೆ ಅವುಗಳ ಗಾತ್ರ, ತೂಕ ಬೇರೆಯೇ. ಒಳಾಂಗಣವೇ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ ಆ ಭಾರ ಹೊರುವುದರಲ್ಲಿ ಅರ್ಥವಿದೆ.

ಒಂದು ವರ್ಷ 90 ಬಳಸಿದ ಮೇಲೂ ಗೋಡೆಗೆ ಬೆನ್ನು ತಾಗುತ್ತಲೇ ಇದ್ದರೆ 75ಕ್ಕೆ ಹೋಗಿ. ಸೋಮನಾಥಪುರದ ಕೇಶವ ದೇವಾಲಯದಂಥ ಕಡೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತಾಗುತ್ತದೆ. ಅಂಗಳದ ಸುತ್ತ ಕೈಸಾಲೆ ಇದೆ. ಒಂದು ಹಂತದ ಮೇಲೆ ಹಿಂದಕ್ಕೆ ಸರಿಯಲು ಜಾಗವೇ ಇರುವುದಿಲ್ಲ.

ಹಳೆಯ 90 ಮಿ.ಮೀ. ಆಂಗುಲೋನ್ ಕಡಿಮೆ ಬೆಲೆಗೆ ಬಂದಿದೆ. ಹೆಸರು ಹೆಚ್ಚುಕಡಿಮೆ ಒಂದೇ ಅಲ್ಲವೇ?

ಹೆಸರು ಹತ್ತಿರ, ಲೆನ್ಸ್ ಬೇರೆ. ಎಫ್/6.8ರ ಹಳೆಯ ಆಂಗುಲೋನ್ 4×5 ಫಿಲ್ಮನ್ನು ಅಳೆದಂತೆ ಮುಚ್ಚುತ್ತದೆ, ಅಷ್ಟೇ. ರೈಸಿಗೆ ಜಾಗವಿಲ್ಲ. ಬೆಟ್ಟ ಹತ್ತುವಾಗ ಮಡಚಿದ ಕ್ಯಾಮೆರಾದೊಳಗೇ ಇಟ್ಟುಕೊಳ್ಳಬಹುದಾದ ಪುಟ್ಟ ಲೆನ್ಸ್ ಬೇಕಿದ್ದರೆ ಒಳ್ಳೆಯದು, ಕಟ್ಟಡಕ್ಕೆ ಬೇಡ.

ಹಳೆಯ ಲೆನ್ಸ್ ಕೊಳ್ಳುವಾಗ ಏನೇನು ನೋಡಬೇಕು?

ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಸದ್ದು ಕೇಳಿ. ನಡುವೆ ಮುಗ್ಗರಿಸಿದರೆ ಸ್ವಚ್ಛಗೊಳಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ. ಗಾಜುಗಳ ಅಂಚಿನ ಒಳಗೆ ಬಿಳಿ ಚುಕ್ಕೆಗಳು ಕಂಡರೆ ಹೆದರಬೇಡಿ, ಅದು ಕಪ್ಪು ಬಣ್ಣ ಸಣ್ಣಗೆ ಎದ್ದಿರುವುದು; ಚಿತ್ರಕ್ಕೆ ಕಾಣುವಂಥ ತೊಂದರೆಯಿಲ್ಲ. ಅಂಟಿಸಿದ ಗಾಜುಗಳ ನಡುವೆ ಕಾಮನಬಿಲ್ಲಿನ ಬಣ್ಣದ ಕಲೆ ಹರಡಿದ್ದರೆ ಬಿಟ್ಟುಬಿಡಿ. ಬೂಷ್ಟು ನಮ್ಮ ಕರಾವಳಿ, ಮಲೆನಾಡಿನ ಹವೆಯಲ್ಲಿ ಬೇಗ ಹಿಡಿಯುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಬೇರಿನಂಥ ಎಳೆಗಳು ಕಾಣುತ್ತವೆ. ಮುಂದಿನ, ಹಿಂದಿನ ಗಾಜಿನ ಭಾಗಗಳೆರಡೂ ಅದೇ ಲೆನ್ಸಿನವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ವೈಡ್ ಲೆನ್ಸಿನಲ್ಲಿ ಅವೆರಡರ ನಡುವಿನ ಅಂತರ ಕೂದಲೆಳೆ ತಪ್ಪಿದರೂ ಮೂಲೆಗಳು ಕೆಡುತ್ತವೆ. ಶಟರಿಗೂ ಗಾಜಿಗೂ ನಡುವೆ ತೆಳುವಾದ ಲೋಹದ ಉಂಗುರ ಸಿಕ್ಕಿದರೆ ಅದನ್ನು ಕಸವೆಂದು ಎಸೆಯಬೇಡಿ.

## ಕ್ಯಾಮೆರಾವನ್ನು ಹೊಂದಿಸುವುದು

90 ಹಾಕಿದ ಮೇಲೆ ರೈಸ್ ತಿರುಪು ತಿರುಗಿಸಿದರೆ ಮುಂಭಾಗ ಅಲುಗುವುದೇ ಇಲ್ಲ. ಕ್ಯಾಮೆರಾ ಕೆಟ್ಟಿದೆಯೇ?

ಕೆಟ್ಟಿಲ್ಲ. ಬೆಲ್ಲೋಸ್ ಪೂರ್ತಿ ಮಡಚಿಕೊಂಡು ಗಟ್ಟಿ ಕಟ್ಟಿನಂತಾಗಿದೆ. 90 ಮಿ.ಮೀ. ಲೆನ್ಸ್ ದೂರದ ವಸ್ತುವಿಗೆ ಫೋಕಸ್ ಆದಾಗ ಮುಂದಿನ, ಹಿಂದಿನ ಸ್ಟ್ಯಾಂಡರ್ಡುಗಳ (ಲೆನ್ಸನ್ನೂ ಗ್ರೌಂಡ್ ಗ್ಲಾಸನ್ನೂ ಹೊತ್ತು ನಿಲ್ಲುವ ಭಾಗಗಳ) ನಡುವೆ ಸುಮಾರು ನಾಲ್ಕು ಇಂಚು ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ಮಡಚಿದ ತೊಗಲು ಮೇಲೆ ಕೆಳಗೆ ಸರಿಯದು. ಬಲವಂತ ಮಾಡಿದರೆ ಸ್ಟ್ಯಾಂಡರ್ಡೇ ಓರೆಯಾಗುತ್ತದೆ, ನಿಮಗೆ ತಿಳಿಯದಂತೆ ಒಂದು ಟಿಲ್ಟ್ ಸೇರಿಕೊಳ್ಳುತ್ತದೆ.

ಬೆಲ್ಲೋಸ್ ಕಳಚುವ ಕ್ಯಾಮೆರಾ ಆದರೆ ಬ್ಯಾಗ್ ಬೆಲ್ಲೋಸ್ ಹಾಕಿ. ಅದರಲ್ಲಿ ಮಡಿಕೆಗಳಿಲ್ಲ, ಮೆತ್ತನೆಯ ಚೀಲವಷ್ಟೇ. ಲೆನ್ಸ್ ಎತ್ತ ಹೋದರೂ ಜೊತೆಗೆ ಬರುತ್ತದೆ. ಕಳಚಲಾಗದ ಕ್ಯಾಮೆರಾ ಆದರೆ ಒಳಕ್ಕೆ ತಗ್ಗಿರುವ ಲೆನ್ಸ್ ಬೋರ್ಡ್ (ಲೆನ್ಸ್ ಕೂರಿಸುವ ಫಲಕ) ಹುಡುಕಿ. ಲೆನ್ಸ್ ಆ ತಗ್ಗಿನಲ್ಲಿ ಕೂರುವುದರಿಂದ ಅಷ್ಟು ದೂರ ಸ್ಟ್ಯಾಂಡರ್ಡ್ ಮುಂದೆ ನಿಲ್ಲಬಹುದು, ಬೆಲ್ಲೋಸಿಗೆ ಉಸಿರಾಡಲು ಜಾಗ ಸಿಗುತ್ತದೆ. ತಗ್ಗಿನೊಳಗೆ ಬೆರಳು ಹಾಕಿ ಶಟರ್ ತಿರುಗಿಸುವುದು ಕಷ್ಟ. ಆ ಕಷ್ಟಕ್ಕೆ ಒಂದು ವಾರದಲ್ಲಿ ಕೈ ಒಗ್ಗುತ್ತದೆ.

ಉದ್ದ ಚೌಕಟ್ಟಿನಲ್ಲಿ ಚಿತ್ರದ ಕೆಳಗೆ ಕ್ಯಾಮೆರಾದ ಬುಡದ ಹಲಗೆಯೇ ಬಂದಿದೆ.

ಮಡಚುವ ಫೀಲ್ಡ್ ಕ್ಯಾಮೆರಾಗಳಲ್ಲಿ ಇದು ಮಾಮೂಲು. ಹಲಗೆಯನ್ನು ಕೆಳಕ್ಕೆ ಇಳಿಸುವ ವ್ಯವಸ್ಥೆ ಇದ್ದರೆ ಇಳಿಸಿ, ಮುಂದಿನ ಸ್ಟ್ಯಾಂಡರ್ಡನ್ನು ಮತ್ತೆ ಲಂಬ ಮಾಡಿಕೊಳ್ಳಿ. ಹಿಂಭಾಗವನ್ನು ಮುಂದಕ್ಕೆ ತರಬಹುದಾದ ಕ್ಯಾಮೆರಾ ಆದರೆ ಲೆನ್ಸನ್ನು ಹಲಗೆಯ ತುದಿಗೆ ನಿಲ್ಲಿಸಿ ಹಿಂಭಾಗದಿಂದ ಫೋಕಸ್ ಮಾಡಿ. ರೈಸ್ ಮಾಡಿದಷ್ಟೂ ಹಲಗೆ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ, ಫಾಲ್ ಮಾಡಿದರೆ ಒಳಗೆ ಬರುತ್ತದೆ.

ಗ್ರೌಂಡ್ ಗ್ಲಾಸಿನಲ್ಲಿ ನಡುವೆ ಮಾತ್ರ ಬೆಳಕು, ಮೂಲೆಗಳು ಕಗ್ಗತ್ತಲು. ಏನನ್ನು ನೋಡಿ ಚೌಕಟ್ಟು ಕಟ್ಟಲಿ?

ಕತ್ತಲೆಯ ಬಹುಪಾಲು ನಿಮ್ಮ ಕಣ್ಣು ಇರುವ ಜಾಗದಿಂದ ಬಂದದ್ದು, ಫಿಲ್ಮಿನ ಮೇಲೆ ಅಷ್ಟು ಇರುವುದಿಲ್ಲ. ವೈಡ್ ಲೆನ್ಸಿನಿಂದ ಮೂಲೆಗೆ ಬರುವ ಕಿರಣ ಬಹಳ ಓರೆಯಾಗಿ ಗಾಜನ್ನು ಹೊಕ್ಕು ಅದೇ ಓರೆಯಲ್ಲಿ ಹೊರಗೆ ಹೋಗುತ್ತದೆ. ನೀವು ಎದುರಿಗೆ ನಿಂತರೆ ಅದು ನಿಮ್ಮ ಕಣ್ಣಿಗೆ ಸಿಗುವುದಿಲ್ಲ. ಕಪ್ಪು ಬಟ್ಟೆಯೊಳಗೆ ತಲೆಯನ್ನು ಎಡ ಮೂಲೆಯಿಂದ ಆಚೆಗೆ ಸರಿಸಿ, ಲೆನ್ಸಿನ ಕಡೆಗೆ ಓರೆಯಾಗಿ ನೋಡಿ; ಮೂಲೆ ಬೆಳಗುತ್ತದೆ. ಫ್ರೆನೆಲ್ ಹಾಳೆ (ಓರೆ ಬೆಳಕನ್ನು ಕಣ್ಣಿನ ಕಡೆಗೆ ತಿರುಗಿಸುವ ತೆಳು ಲೆನ್ಸ್) ನೆರವಾಗುತ್ತದೆ, ಆದರೆ 150ಕ್ಕೆಂದು ಮಾಡಿದ ಫ್ರೆನೆಲ್ 65ರ ಜೊತೆ ಹೊಂದದು. ಭೂತಗಾಜನ್ನೂ ಹಾಗೆಯೇ ಓರೆ ಮಾಡಿ ಹಿಡಿಯಬೇಕು. ಬಟ್ಟೆಯೊಳಗೆ ಹೋಗಿ ಒಂದೆರಡು ನಿಮಿಷ ಸುಮ್ಮನೆ ಕಾಯಿರಿ, ಕಣ್ಣು ಕತ್ತಲಿಗೆ ಒಗ್ಗಲಿ. ಅವಸರ ಮಾಡಿದವರಿಗೆ ಮೂಲೆಗಳು ಎಂದೂ ಕಾಣುವುದಿಲ್ಲ.

## ರೈಸ್ ಮತ್ತು ಶಿಫ್ಟ್

ಗೋಪುರದ ತುದಿ ಹಿಡಿಯಲು ಎಷ್ಟು ರೈಸ್ ಬೇಕೆಂದು ಮೊದಲೇ ತಿಳಿಯಬಹುದೇ?

ಖಂಡಿತ. ಕಟ್ಟಡದ ತುದಿ ಕ್ಯಾಮೆರಾಕ್ಕಿಂತ ಎಷ್ಟು ಎತ್ತರದಲ್ಲಿದೆಯೋ ಅದನ್ನು ಲೆನ್ಸಿನ ನಾಭಿದೂರದಿಂದ ಗುಣಿಸಿ, ನೀವು ನಿಂತ ದೂರದಿಂದ ಭಾಗಿಸಿ. ತುದಿ ಫಿಲ್ಮಿನ ಮೇಲೆ ದಿಗಂತದಿಂದ ಎಷ್ಟು ದೂರ ಬೀಳುತ್ತದೆ ಎಂಬುದು ಮಿಲಿಮೀಟರಿನಲ್ಲಿ ಸಿಗುತ್ತದೆ.

ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವ ಗೋಪುರ ಸುಮಾರು 50 ಮೀಟರ್ ಎತ್ತರ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ತುದಿ 48.5 ಮೀಟರ್ ಮೇಲಿದೆ. ರಥಬೀದಿಯಲ್ಲಿ 75 ಮೀಟರ್ ಹಿಂದೆ ನಿಂತು 90 ಮಿ.ಮೀ. ಲೆನ್ಸ್ ಹಾಕಿದರೆ ತುದಿ ದಿಗಂತದಿಂದ 58 ಮಿ.ಮೀ. ದೂರ ಬೀಳುತ್ತದೆ. ಉದ್ದ ಚೌಕಟ್ಟಿನ ಅರ್ಧ ಎತ್ತರ 60. ಅಂದರೆ ಕಳಶ ಅಂಚಿಗೆ ತಾಗಿಕೊಂಡಿರುತ್ತದೆ, 15–20 ಮಿ.ಮೀ. ರೈಸ್ ಮಾಡಿದರೆ ತಲೆಯ ಮೇಲೆ ನೆಮ್ಮದಿಯ ಆಕಾಶ ಬರುತ್ತದೆ. ಈಗ 50 ಮೀಟರಿಗೆ ಹತ್ತಿರ ಬನ್ನಿ. ತುದಿ 87 ಮಿ.ಮೀ.ಗೆ ಹೋಯಿತು. ಅಂಚಿನಲ್ಲಿ 10 ಮಿ.ಮೀ. ಆಕಾಶ ಬಿಡಬೇಕೆಂದರೆ 37 ಮಿ.ಮೀ. ರೈಸ್ ಬೇಕು. 216 ಮಿ.ಮೀ. ವೃತ್ತದ ಲೆನ್ಸಿಗೆ ಅದೇ ಕೊನೆಯ ಮಿತಿ. ಒಂದು ಹೆಜ್ಜೆ ಮುಂದಿಟ್ಟರೂ ಮೂಲೆ ಹೋಗುತ್ತದೆ.

ಹಂಪಿಯಲ್ಲಿ ಬೀದಿ ಉದ್ದಕ್ಕಿದೆ, ಹಿಂದೆ ಸರಿಯುವುದೇ ಸರಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಚಿತ್ರಿಸಿದ. ಆ ಚಿತ್ರಗಳನ್ನು ನೋಡಿದಾಗ ನನಗೆ ಮೊದಲು ಕಾಣುವುದು ಆತ ಎಲ್ಲಿ ನಿಂತಿದ್ದ ಎಂಬುದು. ನಿಲ್ಲುವ ಜಾಗ ಸರಿಯಿದ್ದರೆ ರೈಸ್ ಅದನ್ನು ಪೂರ್ಣಗೊಳಿಸುತ್ತದೆ. ಜಾಗ ತಪ್ಪಿದ್ದರೆ ಎಷ್ಟು ರೈಸ್ ಮಾಡಿದರೂ ಗೋಪುರ ಮೈಮೇಲೆ ಬಿದ್ದಂತೆಯೇ ಇರುತ್ತದೆ.

ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕು. ಹೊರಡುವ ಮೊದಲೇ ಪಡೆದುಕೊಳ್ಳಿ.

ಮೂಲೆ ಕತ್ತರಿಸಿ ಹೋಗಿದ್ದು ಫಿಲ್ಮ್ ತೊಳೆದ ಮೇಲೇ ಗೊತ್ತಾಗುತ್ತದೆ. ಮೊದಲೇ ಪತ್ತೆ ಮಾಡುವುದು ಹೇಗೆ?

ಗ್ರೌಂಡ್ ಗ್ಲಾಸಿನ ನಾಲ್ಕು ಮೂಲೆಗಳನ್ನು ಸಣ್ಣದಾಗಿ ಕತ್ತರಿಸಿರುತ್ತಾರೆ. ಎಷ್ಟೋ ಜನ ಅದು ಒಡೆದದ್ದು ಎಂದುಕೊಂಡಿದ್ದಾರೆ. ಅದು ನೋಡುವ ಕಿಂಡಿ.

ರೈಸ್ ಮಾಡಿ, ಫಿಲ್ಟರ್, ಹುಡ್ ಎಲ್ಲ ಹಾಕಿ. ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿರುವುದರಿಂದ ಆಕಾಶ ಕೆಳಗಿನ ಎರಡು ಮೂಲೆಗಳಲ್ಲಿರುತ್ತದೆ. ರೈಸ್ ಮಾಡಿದಾಗ ಅಪಾಯ ಅಲ್ಲೇ. ಬಗ್ಗಿ, ಕೆಳಗಿನ ಎಡಗಡೆಯ ಕಿಂಡಿಗೆ ಕಣ್ಣು ತಂದು ಲೆನ್ಸಿನ ಕಡೆ ನೋಡಿ. ಅಪರ್ಚರ್ ಪೂರ್ತಿ ತೆರೆದಿದ್ದರೆ ಬೆಳಕಿನ ಒಂದು ಕಿರಿದಾದ ಚೂರು ಕಾಣುತ್ತದೆ, ಎರಡೂ ತುದಿ ಚೂಪು. ಕಣ್ಣು ತೆಗೆಯದೆ ಅಪರ್ಚರನ್ನು ಒಂದೊಂದೇ ಸ್ಟಾಪ್ (ಬೆಳಕು ಅರ್ಧವಾಗುವ ಒಂದು ಹಂತ) ಮುಚ್ಚುತ್ತಾ ಬನ್ನಿ. ಎಫ್/11, ಎಫ್/16, ಎಫ್/22. ಒಂದು ಕಡೆ ಆ ಚೂಪು ತುದಿಗಳು ಹೋಗಿ, ಅಪರ್ಚರಿನ ಎಲೆಗಳ ಅಂಚು ಸುತ್ತಲೂ ಕಾಣುವ ಪೂರ್ಣ ರಂಧ್ರ ಉಳಿಯುತ್ತದೆ. ಅದು ಸಿಕ್ಕಿತೆಂದರೆ ಮೂಲೆಗೆ ಬೆಳಕು ತಲುಪುತ್ತಿದೆ. ಎಫ್/22ರಲ್ಲೂ ಒಂದು ಬದಿ ಕತ್ತರಿಸಿದಂತಿದ್ದರೆ ಕತ್ತರಿಸುತ್ತಿರುವುದು ಯಾವುದು ಎಂದು ನೋಡಿ. ಲೆನ್ಸಿನ ಲೋಹದ ಅಂಚಾದರೆ ವೃತ್ತ ಮುಗಿದಿದೆ, ರೈಸ್ ಇಳಿಸಬೇಕು. ಫಿಲ್ಟರಿನ ಅಂಚಾದರೆ ತೆಳುವಾದದ್ದು ಹಾಕಿ. ಬೆಲ್ಲೋಸ್ ಜೋತುಬಿದ್ದಿದ್ದರೆ ಕೈಯಿಂದ ಸರಿಪಡಿಸಿದರೆ ಸಾಕು. ಈ ಮೂರು ಅಡ್ಡಿಗಳೂ ಕಿಂಡಿಯಲ್ಲಿ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕಾಣುತ್ತವೆ.

ರೈಸ್ ಪೂರ್ತಿ ಮುಗಿದರೂ ತುದಿ ಒಳಗೆ ಬರಲಿಲ್ಲ. ಬೇರೆ ದಾರಿ ಇದೆಯೇ?

ಕ್ಯಾಮೆರಾವನ್ನೇ ಮೇಲಕ್ಕೆ ಬಾಗಿಸಿ, ಬಳಿಕ ಮುಂದಿನ ಮತ್ತು ಹಿಂದಿನ ಸ್ಟ್ಯಾಂಡರ್ಡುಗಳೆರಡನ್ನೂ ಲಂಬಕ್ಕೆ ತನ್ನಿ. ಫಲ ರೈಸಿನದೇ. ಆದರೆ ವೈಡ್ ಲೆನ್ಸಿನಲ್ಲಿ ಈ ಉಪಾಯದ ಲಾಭ ಕಡಿಮೆ: 15 ಡಿಗ್ರಿ ಬಾಗಿಸಿದರೆ 150 ಮಿ.ಮೀ. ಲೆನ್ಸಿಗೆ 40 ಮಿ.ಮೀ. ರೈಸ್ ಸಿಗುತ್ತದೆ, 90ಕ್ಕೆ ಸಿಗುವುದು 24. ಹೆಚ್ಚುವರಿ ರೈಸ್ ಕ್ಯಾಮೆರಾದಿಂದ ಸಿಕ್ಕಿತೇ ಹೊರತು ಲೆನ್ಸಿನ ವೃತ್ತ ದೊಡ್ಡದಾಗಲಿಲ್ಲ ಎಂಬುದನ್ನೂ ಮರೆಯಬೇಡಿ.

ಗೆರೆಗಳೆಲ್ಲ ನೇರವಾಗಿವೆ, ಆದರೂ ಕಟ್ಟಡ ಮೇಲಕ್ಕೆ ಎಳೆದಂತೆ ಕಾಣುತ್ತದೆ. ಏಕೆ?

ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಲೆನ್ಸ್ ಅದಕ್ಕೆ ತೆರುವ ಬೆಲೆ ಇದು. ವೃತ್ತದ ನಡುವಿನಿಂದ ದೂರ ಹೋದಂತೆ ವಸ್ತುಗಳು ಹೊರಕ್ಕೆ ಹಿಗ್ಗುತ್ತವೆ. ಗೋಳವೊಂದು 40 ಡಿಗ್ರಿ ಕೋನದಲ್ಲಿದ್ದರೆ ಅದರ ಉದ್ದ ಅಗಲಕ್ಕಿಂತ ಸುಮಾರು 1.3 ಪಟ್ಟು, 50 ಡಿಗ್ರಿಯಲ್ಲಿ ಸುಮಾರು 1.55 ಪಟ್ಟು. ರೈಸ್ ಹೆಚ್ಚಿಸಿದಷ್ಟೂ ಕಟ್ಟಡದ ತಲೆಯನ್ನು ಈ ಹಿಗ್ಗುವ ಅಂಚಿಗೆ ತಳ್ಳುತ್ತೀರಿ.

ಚೌಕ ಗೋಡೆಯಲ್ಲಿ ಇದು ತಿಳಿಯುವುದಿಲ್ಲ. ಗುಮ್ಮಟದಲ್ಲಿ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ವಿಜಯಪುರದ ಗೋಲಗುಮ್ಮಟವನ್ನು ಹತ್ತಿರದಿಂದ ಭಾರೀ ರೈಸಿನಲ್ಲಿ ತೆಗೆದರೆ ಆ ಗುಮ್ಮಟದ ದುಂಡು ಉಳಿಯುವುದಿಲ್ಲ, ಮೇಲಕ್ಕೆ ಉಬ್ಬಿದ ಬೇರೊಂದು ಆಕಾರವಾಗುತ್ತದೆ. 1656ರ ಸುಮಾರಿಗೆ ಅದನ್ನು ಕಟ್ಟಿ ಮುಗಿಸಿದವರು ಕೊಟ್ಟ ಪ್ರಮಾಣವನ್ನು ಚಿತ್ರದಲ್ಲಿ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ. ಹಿಂದೆ ಸರಿದು ಉದ್ದದ ಲೆನ್ಸ್ ಹಾಕಬೇಕು. ಜಾಗವೇ ಇಲ್ಲದಿದ್ದರೆ ರೈಸ್ ಸ್ವಲ್ಪ ಕಡಿಮೆ ಮಾಡಿ, ಕ್ಯಾಮೆರಾವನ್ನು ಒಂದೆರಡು ಡಿಗ್ರಿ ಮೇಲಕ್ಕೆ ಬಾಗಿಸಿ. ಗೆರೆಗಳು ತುಸುವೇ ಒಳಗೆ ವಾಲಿದರೆ ನೋಡುವವರಿಗೆ ಅದೇ ಸಹಜವೆನಿಸುತ್ತದೆ.

ಗುಂಪಿನ ಚಿತ್ರದಲ್ಲಿ ಮೂಲೆಗೆ ಯಾರನ್ನೂ ನಿಲ್ಲಿಸಬೇಡಿ. ಇದೇ ಕಾರಣ.

ಶಿಫ್ಟನ್ನು ಎಲ್ಲಿ ಬಳಸುವುದು?

ಕಂಬವೊಂದು ಅಡ್ಡ ಬಂದಾಗ ಕ್ಯಾಮೆರಾವನ್ನು ಅದರ ಪಕ್ಕಕ್ಕೆ ಇಟ್ಟು, ಗೋಡೆಗೆ ಸಮಾಂತರವಾಗಿಯೇ ಉಳಿಸಿ, ಲೆನ್ಸನ್ನು ಸರಿಸಿದರೆ ಎದುರುನೋಟ ಸಿಗುತ್ತದೆ. ಕನ್ನಡಿ ಅಥವಾ ಗಾಜಿನ ಬಾಗಿಲಿನಲ್ಲಿ ಕ್ಯಾಮೆರಾ ಕಾಣದಂತೆ ತಪ್ಪಿಸುವುದೂ ಹೀಗೆಯೇ. ರೈಸ್ ಮತ್ತು ಶಿಫ್ಟ್ ಎರಡೂ ಒಟ್ಟಿಗೆ ಮಾಡಿದರೆ ಒಂದು ಮೂಲೆ ಮಾತ್ರ ವೃತ್ತದಾಚೆ ಹೋಗುತ್ತದೆ. ಆ ಮೂಲೆಯ ಕಿಂಡಿಯನ್ನೇ ನೋಡಿ.

## ಟಿಲ್ಟ್ ಮತ್ತು ಫೋಕಸ್

ವೈಡ್ ಲೆನ್ಸಿನಲ್ಲಿ ಎಷ್ಟು ಡಿಗ್ರಿ ಟಿಲ್ಟ್ ಮಾಡಬೇಕು? ನಾನು ಮಾಡಿದರೆ ಎಲ್ಲವೂ ಕೆಡುತ್ತದೆ.

ಬಹುಶಃ ನೀವು 150ಕ್ಕೆ ಮಾಡಿದಷ್ಟೇ ಮಾಡುತ್ತಿದ್ದೀರಿ. ಫಿಲ್ಮ್ ಲಂಬವಾಗಿದ್ದು ನೆಲವೆಲ್ಲ ಫೋಕಸಿಗೆ ಬರಬೇಕಾದರೆ ನಾಭಿದೂರವನ್ನು ನೆಲದಿಂದ ಲೆನ್ಸಿನ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಟಿಲ್ಟ್ ಕೋನದ ಸೈನ್. ಲೆನ್ಸ್ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 150ಕ್ಕೆ 5.7 ಡಿಗ್ರಿ, 90ಕ್ಕೆ 3.4, 65ಕ್ಕೆ 2.5. ಕ್ಯಾಮೆರಾವನ್ನು ಒಂದು ಮೀಟರಿಗೆ ಇಳಿಸಿದರೆ 90ಕ್ಕೆ 5.2. ಈ ಕೋನಗಳು ಕಣ್ಣಿಗೆ ಕಾಣುವಂಥವಲ್ಲ. ಸ್ಟ್ಯಾಂಡರ್ಡಿನ ಮೇಲೆ ಮೊಬೈಲ್ ಇಟ್ಟು ಅದರ ಮಟ್ಟ ತೋರಿಸುವ ಆ್ಯಪ್‌ನಲ್ಲಿ ಅಳೆಯಿರಿ.

ಮೊದಲು ಲೆಕ್ಕದಷ್ಟು ಟಿಲ್ಟ್ ಮಾಡಿ ದೂರದ ನೆಲಕ್ಕೆ ಫೋಕಸ್ ಮಾಡಿ. ಬಳಿಕ ಹತ್ತಿರದ ನೆಲವನ್ನು ಭೂತಗಾಜಿನಲ್ಲಿ ನೋಡಿ. ಅದನ್ನು ಫೋಕಸಿಗೆ ತರಲು ಲೆನ್ಸನ್ನು ಮುಂದಕ್ಕೆ ತರಬೇಕಾಗಿ ಬಂದರೆ ಟಿಲ್ಟ್ ಸಾಲದು, ಹಿಂದಕ್ಕೆ ಒಯ್ಯಬೇಕಾದರೆ ಹೆಚ್ಚಾಗಿದೆ. ಒಂದು ಸಲಕ್ಕೆ ಅರ್ಧ ಡಿಗ್ರಿಗಿಂತ ಹೆಚ್ಚು ಬದಲಿಸಬೇಡಿ. ಬುಡದಲ್ಲಿ ಬಾಗುವ ಕ್ಯಾಮೆರಾ ಆದರೆ ಪ್ರತಿ ಸಲವೂ ದೂರಕ್ಕೆ ಮತ್ತೆ ಫೋಕಸ್ ಮಾಡಬೇಕಾಗುತ್ತದೆ.

ನೆಲವೆಲ್ಲ ಸ್ಪಷ್ಟವಾಗಿ ಬಂತು, ಎದುರಿನ ಕಂಬದ ಮೇಲ್ಭಾಗ ಮಸುಕಾಯಿತು.

ಟಿಲ್ಟ್ ಫೋಕಸನ್ನು ಹೆಚ್ಚಿಸುವುದಿಲ್ಲ, ಓರೆ ಮಾಡಿ ಮಲಗಿಸುತ್ತದೆ. ಮಲಗಿದ ಮೇಲೆ ಸ್ಪಷ್ಟವಾದ ವಲಯ ಕ್ಯಾಮೆರಾದ ಹತ್ತಿರ ತೆಳುವಾಗಿ, ದೂರ ಹೋದಂತೆ ದಪ್ಪವಾಗುತ್ತದೆ. 90 ಮಿ.ಮೀ. ಲೆನ್ಸ್, ಎಫ್/22, ಕ್ಯಾಮೆರಾ ಒಂದೂವರೆ ಮೀಟರ್ ಎತ್ತರ, ಫೋಕಸ್ ನೆಲದ ಮೇಲೆ ಎಂದುಕೊಳ್ಳಿ. ಫಿಲ್ಮಿನ ಮೇಲೆ 0.1 ಮಿ.ಮೀ. ಮಸುಕನ್ನು ಒಪ್ಪುವುದಾದರೆ ಹತ್ತು ಮೀಟರ್ ದೂರದಲ್ಲಿ ನೆಲದಿಂದ ನಾಲ್ಕು ಮೀಟರ್ ಎತ್ತರದವರೆಗೆ ಸ್ಪಷ್ಟ. ಮೂರು ಮೀಟರ್ ದೂರದಲ್ಲಿ 1.2 ಮೀಟರ್ ಮಾತ್ರ. ಅಲ್ಲಿ ನಿಂತ ಕಂಬದ ಬುಡ ಸರಿಯಿರುತ್ತದೆ, ಬೋದಿಗೆ ಮಸುಕು.

ಈಗ ಟಿಲ್ಟನ್ನು ಸೊನ್ನೆಗೆ ತಂದು ಅದೇ ಲೆನ್ಸನ್ನು 3.8 ಮೀಟರಿಗೆ ಫೋಕಸ್ ಮಾಡಿ. ಅದೇ ಎಫ್/22ರಲ್ಲಿ 1.9 ಮೀಟರಿನಿಂದ ಅನಂತದವರೆಗೆ ಎಲ್ಲವೂ ಅದೇ ಮಟ್ಟಿಗೆ ಸ್ಪಷ್ಟ, ಕಂಬವೂ ಸೇರಿ. ಆದ್ದರಿಂದ ನನ್ನ ನಿಲುವು ಇಷ್ಟು: ವೈಡ್ ಲೆನ್ಸಿನಲ್ಲಿ ಮುಂಭಾಗದಲ್ಲಿ ಎತ್ತರದ ವಸ್ತುವಿದ್ದರೆ ಟಿಲ್ಟ್ ಬೇಡ. ಒಣಗಿದ ಕೆರೆಯಂಗಳ, ಅಡಿಕೆ ಹರವಿದ ಅಂಗಳ, ಬಂಡೆ ಹಾಸಿದ ನದಿಪಾತ್ರ, ಇಂಥ ಚಪ್ಪಟೆ ನೆಲದ ಮೇಲೆ ಕ್ಯಾಮೆರಾ ತಗ್ಗಿನಲ್ಲಿದ್ದು ಮುಂದಿನ ಕಲ್ಲು ಒಂದು ಮೀಟರಿಗಿಂತ ಹತ್ತಿರವಿದ್ದರೆ ಟಿಲ್ಟ್ ಬೇಕು, ಆಗ ಅದಕ್ಕೆ ಸಮನಾದದ್ದಿಲ್ಲ.

ಮುಂದಿನದರ ಬದಲು ಹಿಂದಿನ ಸ್ಟ್ಯಾಂಡರ್ಡನ್ನು ಬಾಗಿಸಬಹುದೇ?

ಬಾಗಿಸಬಹುದು, ಆಕಾರ ಬದಲಾಗುತ್ತದೆ. ಹಿಂಭಾಗವನ್ನು ಹಿಂದಕ್ಕೆ ಬಾಗಿಸಿದರೆ ಮುಂದಿನ ಬಂಡೆ ಹಿಗ್ಗಿ ದೊಡ್ಡದಾಗುತ್ತದೆ, ಲಂಬ ಗೆರೆಗಳು ವಾಲುತ್ತವೆ. ನಿಸರ್ಗದ ಚಿತ್ರದಲ್ಲಿ ಇದು ಕೆಲವೊಮ್ಮೆ ಬಹಳ ಚೆನ್ನ. ಲೆನ್ಸ್ ಬಾಗಿಸಿದಂತೆ ಇದರಲ್ಲಿ ವೃತ್ತ ಖರ್ಚಾಗುವುದಿಲ್ಲ ಎಂಬುದು ಒಂದು ಅನುಕೂಲ. ಆದರೆ ವೈಡ್ ಲೆನ್ಸಿನಲ್ಲಿ ಮುಂದಿನ ಟಿಲ್ಟಿಗೂ ವೃತ್ತ ಹೆಚ್ಚು ಹೋಗುವುದಿಲ್ಲ, 90ರಲ್ಲಿ 3.4 ಡಿಗ್ರಿಗೆ ಐದಾರು ಮಿಲಿಮೀಟರ್ ಅಷ್ಟೇ. ಕಟ್ಟಡವಿದ್ದರೆ ಹಿಂಭಾಗವನ್ನು ಮುಟ್ಟಬೇಡಿ.

ಟಿಲ್ಟ್, ಸ್ವಿಂಗ್ ಏನೂ ಮಾಡಿಲ್ಲ. ಆದರೂ ಫಿಲ್ಮಿನ ಒಂದು ಬದಿ ಮಸುಕು.

ಮಾಡಿಲ್ಲವೆಂದು ನೀವು ಹೇಳುತ್ತೀರಿ, ಕ್ಯಾಮೆರಾ ಮಾಡಿದೆ. 90 ಮಿ.ಮೀ. ಲೆನ್ಸಿನಲ್ಲಿ ಅನಂತದಿಂದ ಸುಮಾರು ಎಂಟು ಮೀಟರಿನವರೆಗಿನ ಫೋಕಸ್ ಎಲ್ಲ ಸೇರಿ ಒಂದೇ ಒಂದು ಮಿಲಿಮೀಟರ್ ಚಲನೆ. ಎಡಬದಿಗಿಂತ ಬಲಬದಿ ಒಂದು ಮಿ.ಮೀ. ಮುಂದಿದ್ದರೆ ಒಂದು ಬದಿ ಬೆಟ್ಟಕ್ಕೆ, ಇನ್ನೊಂದು ಬದಿ ಬೇಲಿಗೆ ಫೋಕಸ್ ಆದಂತೆ. ಸೊನ್ನೆಗೆ ಬಂದು ನಿಲ್ಲುವ ಕೊಕ್ಕೆಗಳು ಹಳೆಯ ಕ್ಯಾಮೆರಾಗಳಲ್ಲಿ ಸವೆದಿರುತ್ತವೆ. ಎರಡು ಸ್ಟ್ಯಾಂಡರ್ಡುಗಳ ನಡುವಿನ ಅಂತರವನ್ನು ಎಡಕ್ಕೂ ಬಲಕ್ಕೂ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ತಿರುಪುಗಳನ್ನು ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗಲೇ ಅವು ಜರುಗುವುದುಂಟು.

ದೇವಾಲಯದ ನವರಂಗದೊಳಗೆ ಕತ್ತಲು. ಫೋಕಸ್ ಎಲ್ಲಿಗೆ, ಹೇಗೆ ಮಾಡುವುದು?

ಸಣ್ಣ ಟಾರ್ಚನ್ನು ಹಚ್ಚಿ, ಅತಿ ದೂರದ ಗೋಡೆಯ ಬುಡದಲ್ಲಿ ಕ್ಯಾಮೆರಾದ ಕಡೆ ಮುಖ ಮಾಡಿ ಇಡಿ. ಗ್ರೌಂಡ್ ಗ್ಲಾಸಿನಲ್ಲಿ ಅದೊಂದು ಬಿಂದು. ಭೂತಗಾಜಿನಲ್ಲಿ ಅದು ಅತ್ಯಂತ ಚಿಕ್ಕದಾಗುವವರೆಗೆ ಫೋಕಸ್ ತಿರುಪು ತಿರುಗಿಸಿ, ಪಕ್ಕದ ಸ್ಕೇಲಿನಲ್ಲಿ ಗುರುತು ಹಾಕಿಕೊಳ್ಳಿ. ಟಾರ್ಚನ್ನು ಅತಿ ಹತ್ತಿರದ ಕಂಬದ ಬುಡಕ್ಕೆ ತಂದು ಹಾಗೆಯೇ ಮಾಡಿ. ಎರಡು ಗುರುತುಗಳ ನಟ್ಟನಡುವೆ ಸ್ಟ್ಯಾಂಡರ್ಡ್ ನಿಲ್ಲಿಸಿ. ಗುರುತುಗಳ ನಡುವೆ 2 ಮಿ.ಮೀ. ಇದ್ದರೆ ಎಫ್/22ರಲ್ಲಿ ಎರಡೂ ತುದಿಯ ಮಸುಕು 0.05 ಮಿ.ಮೀ.ಗಿಂತ ಕಡಿಮೆ, ದೊಡ್ಡ ಪ್ರಿಂಟಿಗೂ ಸಾಕು.

ಎಫ್/22ರಲ್ಲಿ ಅಲ್ಲಿನ ಎಕ್ಸ್‌ಪೋಷರ್ ಬಹಳ ಉದ್ದವಾಗುತ್ತದೆ; ಅಷ್ಟು ಹೊತ್ತು ತೆರೆದಾಗ ಫಿಲ್ಮ್ ಬೆಳಕಿಗೆ ಮಂದವಾಗಿ ಸ್ಪಂದಿಸುವುದರಿಂದ ಅಳತೆಗಿಂತ ಹೆಚ್ಚು ಕೊಡಬೇಕು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ತಯಾರಕರ ಸೂತ್ರದಂತೆ ಬೆಳಕಿನ ಮೀಟರ್ 10 ಸೆಕೆಂಡ್ ತೋರಿಸಿದರೆ ಸುಮಾರು 20 ಕೊಡಬೇಕು, 30 ತೋರಿಸಿದರೆ ಸುಮಾರು 86.

## ಬೆಳಕಿನ ಇಳಿತ, ಫಿಲ್ಟರ್, ಡಿಜಿಟಲ್

ಸೆಂಟರ್ ಫಿಲ್ಟರ್ ಬೇಕೇ? ಅದರ ಬೆಲೆ ಲೆನ್ಸಿನ ಬೆಲೆಗೆ ಹತ್ತಿರವಿದೆ.

ಸೆಂಟರ್ ಫಿಲ್ಟರ್ ಎಂದರೆ ನಡುವೆ ಕಪ್ಪಾಗಿ ಅಂಚಿನ ಕಡೆಗೆ ತಿಳಿಯಾಗುವ ಗಾಜು, ನಡುವಿನ ಬೆಳಕನ್ನು ತಡೆದು ಮೂಲೆಗಳಿಗೆ ಸಮ ಮಾಡುತ್ತದೆ. ಓರೆಯಾಗಿ ಹೋಗುವ ಬೆಳಕು ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಕುಗ್ಗುತ್ತದೆ. 90ರಲ್ಲಿ ಫಿಲ್ಮಿನ ಮೂಲೆ 40 ಡಿಗ್ರಿಯಲ್ಲಿದೆ. ಆ ನಿಯಮದಂತೆ ಅಲ್ಲಿಗೆ ತಲುಪುವುದು ಮೂರನೇ ಒಂದು ಭಾಗ ಬೆಳಕು, ಸುಮಾರು 1.6 ಸ್ಟಾಪ್ ಕಡಿಮೆ. ಗೋರ್ಟ್ಸ್ ಕಂಪನಿ 1900ರಲ್ಲಿ ತಂದ ಹೈಪರ್ಗಾನ್ ಲೆನ್ಸಿನ ಮುಂದೆ ಎಕ್ಸ್‌ಪೋಷರಿನ ನಡುವೆ ಗಾಳಿಯಿಂದ ತಿರುಗುವ ನಕ್ಷತ್ರಾಕಾರದ ಚಕ್ರವಿತ್ತು, ನಡುವಿನ ಬೆಳಕನ್ನು ತಡೆಯಲು. ಸೋವಿಯತ್ ಒಕ್ಕೂಟದ ಮಿಖಾಯಿಲ್ ರುಸಿನೋವ್ 1940ರ ದಶಕದಲ್ಲಿ ಬೇರೆ ಉಪಾಯ ತೋರಿಸಿದ: ಮುಂದೆ ಹಿಂದೆ ದೊಡ್ಡ ಬಾಗಿದ ಗಾಜುಗಳನ್ನಿಟ್ಟು, ಓರೆಯಿಂದ ನೋಡಿದಾಗ ಅಪರ್ಚರೇ ದೊಡ್ಡದಾಗಿ ಕಾಣುವಂತೆ ಮಾಡುವುದು. ಸೂಪರ್ ಆಂಗುಲೋನ್, ಗ್ರಾಂಡಗೋನ್ ಬಗೆಯ ಲೆನ್ಸುಗಳ ಅಷ್ಟು ದೊಡ್ಡ ಗಾಜಿಗೆ ಇದೇ ಕಾರಣ. ಅವುಗಳಲ್ಲಿ ಕುಗ್ಗುವಿಕೆ ಹೆಚ್ಚುಕಡಿಮೆ ಮೂರನೆಯ ಘಾತಕ್ಕೆ ಇಳಿಯುತ್ತದೆ, 90ರ ಮೂಲೆಯಲ್ಲಿ 1.2 ಸ್ಟಾಪ್.

ಕಪ್ಪುಬಿಳುಪು ಅಥವಾ ಬಣ್ಣದ ನೆಗೆಟಿವ್ ಬಳಸಿ 90 ಮಿ.ಮೀ. ಲೆನ್ಸಿನಲ್ಲಿ ಸಾಧಾರಣ ರೈಸ್ ಮಾಡುವವರಿಗೆ ಸೆಂಟರ್ ಫಿಲ್ಟರ್ ಬೇಕಿಲ್ಲ. ರೈಸ್ ಮಾಡಿದಾಗ ಕಪ್ಪಾಗುವುದು ಆಕಾಶದ ಮೂಲೆಗಳು, ಪ್ರಿಂಟಿನಲ್ಲಿ ನಾವೇ ಎಷ್ಟೋ ಸಲ ಅವನ್ನು ಕಪ್ಪು ಮಾಡುತ್ತೇವೆ. ಸ್ಲೈಡ್ ಫಿಲ್ಮ್ ಬಳಸುವವರಿಗೆ, 65 ಅಥವಾ ಅದಕ್ಕಿಂತ ಚಿಕ್ಕ ಲೆನ್ಸಿಗೆ, ಬಿಳಿ ಗೋಡೆಯ ಒಳಾಂಗಣಕ್ಕೆ ಬೇಕು. ಫಿಲ್ಟರ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಅಪರ್ಚರನ್ನು ಕನಿಷ್ಠ ಎರಡು ಸ್ಟಾಪ್ ಮುಚ್ಚಿದ ಮೇಲೆಯೇ ಅದು ಸರಿಯಾಗಿ ಕೆಲಸ ಮಾಡುತ್ತದೆ. ಲೆನ್ಸಿನ ಜೊತೆಗೇ ಸರಿಯುವುದರಿಂದ ರೈಸ್ ಮಾಡಿದಾಗಲೂ ಅದರ ನೆರವು ತಪ್ಪುವುದಿಲ್ಲ.

ಪೋಲರೈಸರ್ (ಧ್ರುವೀಕರಣಗೊಂಡ ಬೆಳಕನ್ನು ತಡೆಯುವ ಫಿಲ್ಟರ್) ಹಾಕಿದರೆ ಆಕಾಶದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಆಕಾಶದ ಧ್ರುವೀಕರಣ ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು. ವೈಡ್ ಲೆನ್ಸ್ ಆ ಭಾಗವನ್ನೂ ಅದರಾಚೆಯನ್ನೂ ಒಟ್ಟಿಗೆ ನೋಡುತ್ತದೆ. ನೀಲಿ ಆಕಾಶವಿದ್ದರೆ ಪೋಲರೈಸರನ್ನು ಕಳಚಿಬಿಡಿ.

ಎಫ್/22ಕ್ಕಿಂತ ಚಿಕ್ಕ ಅಪರ್ಚರಿಗೆ ಹೋಗಬಹುದೇ?

ಎಫ್/32ರವರೆಗೆ ಚಿಂತೆಯಿಲ್ಲ. ಎಫ್/45ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಸಣ್ಣ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ವೈಡ್ ಲೆನ್ಸಿಗೆ ಅಷ್ಟು ಫೋಕಸಿನ ಆಳದ ಅಗತ್ಯ ಬೀಳುವುದೇ ಅಪರೂಪ.

ಇದೇ ಲೆನ್ಸುಗಳನ್ನು ಡಿಜಿಟಲ್ ಬ್ಯಾಕಿನ (ಫಿಲ್ಮಿನ ಜಾಗದಲ್ಲಿ ಕೂರುವ ಸೆನ್ಸರ್ ಪೆಟ್ಟಿಗೆ) ಜೊತೆ ಬಳಸಿದರೆ ಒಂದು ಬದಿ ಹಸಿರು, ಇನ್ನೊಂದು ಬದಿ ಕೆನ್ನೇರಳೆ ಆಗುತ್ತದೆ. ಲೆನ್ಸಿನ ದೋಷವೇ?

ಅಲ್ಲ. ಈ ಲೆನ್ಸುಗಳ ಹಿಂದಿನ ಗಾಜು ಫಿಲ್ಮಿಗೆ ಬಹಳ ಹತ್ತಿರವಿರುವುದರಿಂದ ಬೆಳಕು ಕಡು ಓರೆಯಲ್ಲಿ ಬಂದು ಬೀಳುತ್ತದೆ. ಫಿಲ್ಮಿಗೆ ಅದು ತೊಂದರೆಯಲ್ಲ. ಸೆನ್ಸರಿನಲ್ಲಿ ಪ್ರತಿ ಬಿಂದುವೂ ಸಣ್ಣ ಗುಂಡಿಯ ತಳದಲ್ಲಿರುತ್ತದೆ; ಓರೆ ಕಿರಣ ಪಕ್ಕದ ಬಣ್ಣದ ಬಿಂದುವಿಗೆ ಸೋರುತ್ತದೆ. ಶಿಫ್ಟ್ ಮಾಡಿದಾಗ ಒಂದು ಬದಿಯ ಓರೆ ಇನ್ನೂ ಹೆಚ್ಚಾಗಿ ಬಣ್ಣ ಎರಡು ಕಡೆ ಎರಡಾಗುತ್ತದೆ. ಇದಕ್ಕೆ ಪರಿಹಾರವೆಂದರೆ, ಚಿತ್ರ ತೆಗೆದ ಕೂಡಲೇ, ಯಾವ ತಿರುಪನ್ನೂ ಮುಟ್ಟದೆ, ಲೆನ್ಸಿನ ಮುಂದೆ ಹಾಲುಬಿಳುಪಿನ ಅಕ್ರಿಲಿಕ್ ಹಲಗೆ ಹಿಡಿದು ಇನ್ನೊಂದು ಚಿತ್ರ ತೆಗೆಯುವುದು. ತಂತ್ರಾಂಶ ಎರಡನೆಯದನ್ನು ನೋಡಿಕೊಂಡು ಮೊದಲನೆಯದರ ಬಣ್ಣವನ್ನೂ ಬೆಳಕಿನ ಇಳಿತವನ್ನೂ ಸರಿಪಡಿಸುತ್ತದೆ. ರೈಸ್, ಶಿಫ್ಟ್ ಅಥವಾ ಅಪರ್ಚರ್ ಬದಲಿಸಿದರೆ ಹಲಗೆಯ ಚಿತ್ರವನ್ನೂ ಹೊಸದಾಗಿ ತೆಗೆಯಬೇಕು, ಹಳೆಯದು ಹೊಂದುವುದಿಲ್ಲ.